ವೈಡ್ ಮೀಮಾಂಸೆ

ಕೃಷ್ಣೆ ತುಂಗಭದ್ರೆಯರ ನಡುವೆ ಹಬ್ಬಿರುವ, ಹಳೆಯ ಶಾಸನಗಳಲ್ಲಿ ಎಡೆದೊರೆ ಎರಡು ಸಾಸಿರವೆಂದು ಪ್ರಖ್ಯಾತವಾದ ನಾಡಿನಲ್ಲಿ, ಗಡಿರೇಖೆಯೆಂಬುದು ಎಳೆದ ಸ್ಥಳದಲ್ಲಿ ಬಹುಕಾಲ ನಿಂತದ್ದು ಎಂದೂ ಇಲ್ಲ. ಈ ನೆಲ ತಮ್ಮದೆಂದು ಬಹಮನಿ ಸುಲ್ತಾನರು ಅಂದರು, ವಿಜಯನಗರದ ಅರಸರೂ ಅಂದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದುಕೊಂಡ ಮೇಲೂ ವ್ಯಾಜ್ಯವು ತೀರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯಸ್ಥಳವಾಗಿ ಮೆರೆದು, 1905ರಲ್ಲಿ ಆ ಜಿಲ್ಲೆಯೇ ಅಳಿಯಲಾಗಿ, ಬರಿಯ ತಾಲ್ಲೂಕಾಗಿ ಉಳಿಯಿತು; ಆ ತಾಲ್ಲೂಕಿನ ಒಡಲಲ್ಲಿದ್ದ ಮಸ್ಕಿ ಈಚೆಗೆ ತಾನೇ ಒಂದು ತಾಲ್ಲೂಕಾಗಿ ಹೊರಬಂದಿತು. ರೇಖೆಯು ಚಲಿಸುವ ವಸ್ತುವೆಂಬುದನ್ನು ಇಷ್ಟು ಕಾಲ ಕಣ್ಣಾರೆ ಕಂಡ ನಾಡಿನ ಬಾಲಕರು, ಸ್ಟಂಪಿನಿಂದ ಎಷ್ಟು ದೂರ ಸರಿದ ಚೆಂಡು ವೈಡ್ ಎನಿಸಿಕೊಳ್ಳುವುದೆಂಬ ಪ್ರಶ್ನೆಗೆ ದಿನದಿನವೂ ಒಂದೇ ಉತ್ತರವನ್ನು ಕೊಡಬೇಕೆಂದು ಬಯಸುವುದು ಇತಿಹಾಸಜ್ಞಾನವಿಲ್ಲದವರ ಮಾತೇ ಸರಿ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಪಟ್ಟಣಗಳ ಬಯಲುಗಳಲ್ಲಿ, ಎಂಟರಿಂದ ಹದಿನೈದರ ವಯಸ್ಸಿನ ಬಾಲಕರು ಬೇಸಗೆಯ ರಜೆಯಲ್ಲಿ ಟೆನಿಸ್ ಚೆಂಡಿನಿಂದ ಆಡುವ ಕ್ರಿಕೆಟ್ಟಿನಲ್ಲಿ, ಅಂಪೈರನೆಂಬ ಪುರುಷನು ವೈಡನ್ನು ಹೇಗೆ ಅರಿಯುತ್ತಾನೆಂಬುದಷ್ಟೇ ಪ್ರಸ್ತುತ ಪ್ರಬಂಧದ ವಿಷಯ. ವಿಷಯವು ಅಲ್ಪವೆಂದು ಮೂಗು ಮುರಿಯುವ ವಿದ್ವಾಂಸರು ದಯಮಾಡಿ ಒಂದು ಸಂಜೆ ಸಿಂಧನೂರಿನ ಹೊರವಲಯಕ್ಕೆ ಬರಬೇಕು. ಎಡದಂಡೆ ನಾಲೆಗೆ ನೀರು ನಿಂತು, ಎರಡನೆಯ ಬೆಳೆಯ ಭತ್ತವು ಗಿರಣಿ ಸೇರಿದ ಮೇಲೆ, ಗದ್ದೆಗಳು ಕೆಲವು ವಾರ ಬಾಲಕರ ಸ್ವಾಧೀನಕ್ಕೆ ಬರುತ್ತವೆ. ಕೂಳೆಯನ್ನು ಕಾಲಿನಿಂದ ತುಳಿದು ಮಟ್ಟಮಾಡಿದ ಪಟ್ಟಿಯೇ ಪಿಚ್ಚು. ಒಣಗಿದ ಎರೆಮಣ್ಣು ಅಂಗೈಯಗಲ ಬಿರುಕುಬಿಟ್ಟಿರುವುದರಿಂದ, ಕಾಲಿನತ್ತ ಬಂದ ಚೆಂಡು ಬಿರುಕಿನ ಅಂಚಿಗೆ ತಗುಲಿ ಜಾಲಿಗಂಟಿಯತ್ತ ಹೊರಳುವುದು ಅಲ್ಲಿ ನಿತ್ಯದ ವಿದ್ಯಮಾನ. ಆ ಚೆಂಡು ವೈಡೋ ಅಲ್ಲವೋ? ಎಸೆದವನ ಕೈ ನೆಟ್ಟಗಿತ್ತು, ತಪ್ಪು ಭೂಮಿಯದು, ಭೂಮಿಯ ತಪ್ಪಿಗೆ ಬೌಲರನಿಂದ ರನ್ನಿನ ದಂಡ ವಸೂಲುಮಾಡುವುದು ಧರ್ಮವೇ? ಈ ಒಂದು ಪ್ರಶ್ನೆಯ ಮೇಲೆ ಸೂರ್ಯ ಮುಳುಗಿದ ಸಂಜೆಗಳು ಅಸಂಖ್ಯ.

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಮಂಡಿಸೋಣ. 1787ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮೇರಿಲ್‌ಬೋನ್ ಕ್ರಿಕೆಟ್ ಕ್ಲಬ್ಬಿನವರು ತಮ್ಮ ನಿಯಮಾವಳಿಯ 22ನೆಯ ನಿಯಮದಲ್ಲಿ, ಬ್ಯಾಟ್ಸ್‌ಮನ್ನನು ಸಹಜವಾದ ಹೊಡೆತದಿಂದ ಮುಟ್ಟಲಾಗದಷ್ಟು ದೂರದಲ್ಲಿ ಹಾದುಹೋದ ಚೆಂಡೇ ವೈಡ್ ಎಂದು ವಿಧಿಸಿದ್ದಾರೆ. ಕೇಳುವುದಕ್ಕೆ ಇದು ಇಂಪಾಗಿದೆ. ಆದರೆ ಈ ಲಕ್ಷಣದಲ್ಲಿ ಚೆಂಡಿನ ಅಳತೆ ಎಲ್ಲಿಯೂ ಇಲ್ಲ; ಇರುವುದು ಬ್ಯಾಟ್ಸ್‌ಮನ್ನನ ತೋಳಿನ ಅಳತೆ. ಹದಿನೈದು ತುಂಬಿ ಮೀಸೆ ಚಿಗುರುತ್ತಿರುವವನಿಗೆ ಅಂಗೈಯಲ್ಲಿ ಸಿಗುವ ಚೆಂಡು, ಅವನು ಔಟಾದ ಮರುಗಳಿಗೆ ಅದೇ ಸ್ಥಳಕ್ಕೆ ಬಂದು ನಿಂತ ಎಂಟು ವರ್ಷದ ತಮ್ಮನಿಗೆ ಪರದೇಶದಷ್ಟು ದೂರ. ಸಾಲದ್ದಕ್ಕೆ, ಬೌಲರು ಓಟ ಆರಂಭಿಸಿದ ಮೇಲೆ ಬ್ಯಾಟ್ಸ್‌ಮನ್ನನು ಎಲ್ಲೆಲ್ಲಿ ನಿಂತಿದ್ದನೋ ಆ ಎಲ್ಲ ಸ್ಥಾನಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು 2022ರಲ್ಲಿ ಆ ಕ್ಲಬ್ಬಿನವರೇ ನಿಯಮವನ್ನು ತಿದ್ದಿದರು. ಕ್ರೀಸಿನಲ್ಲಿ ಒಂದು ಕ್ಷಣವೂ ನೆಟ್ಟಗೆ ನಿಲ್ಲದ ಬಾಲಕರ ನಾಡಿಗೆ ಈ ತಿದ್ದುಪಡಿ ತಲುಪಿದಾಗ, ಇಷ್ಟು ತಿಳಿಯಲು ಇಂಗ್ಲೆಂಡಿನವರಿಗೆ ಎರಡು ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತೇ ಎಂದು ಇಲ್ಲಿಯ ಪಂಡಿತರಿಗೆ ಆಶ್ಚರ್ಯವಾಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ತೋಳನ್ನು ನಂಬಲಾಗದೆಂದರಿತ ಈ ಪ್ರಾಂತದ ಬಾಲಕರು ಬ್ಯಾಟನ್ನೇ ಮಾನದಂಡವನ್ನಾಗಿ ಸ್ವೀಕರಿಸಿದ್ದಾರೆ. ಆಟಕ್ಕೆ ಮುನ್ನ ಬ್ಯಾಟನ್ನು ಸ್ಟಂಪಿನ ಬುಡದಿಂದ ನೆಲದ ಮೇಲೆ ಅಡ್ಡ ಮಲಗಿಸಿ, ಹಿಡಿಕೆಯ ತುದಿ ಮುಟ್ಟಿದ ಕಡೆ ಚಪ್ಪಲಿಯ ಹಿಮ್ಮಡಿಯಿಂದ ಒಂದು ಗೀಟು ಎಳೆದರೆ, ಅದೇ ವೈಡಿನ ಗೀಟು. ಮೇಲ್ನೋಟಕ್ಕೆ ಇದು ಶುದ್ಧ ವಿಜ್ಞಾನ. ನಿಯಮದ ಪ್ರಕಾರ ಬ್ಯಾಟಿನ ಉದ್ದ 38 ಅಂಗುಲವನ್ನು ಮೀರತಕ್ಕದ್ದಲ್ಲ. ಆದರೆ ಎಷ್ಟು ಕಡಿಮೆಯಿರಬಹುದೆಂದು ಯಾರೂ ಹೇಳಿಲ್ಲವಾಗಿ, ಜಾತ್ರೆಯಲ್ಲಿ ಕೊಂಡ ಗೇಣೆರಡು ಗೇಣಿನ ಬ್ಯಾಟೂ ಬ್ಯಾಟೇ, ಬಡಗಿಯ ಅಂಗಡಿಯ ಹಿಂದೆ ಸಿಕ್ಕಿದ ಹಲಗೆಯೂ ಬ್ಯಾಟೇ. ಬ್ಯಾಟು ಉಳ್ಳವನೇ ಅಳತೆಯ ಒಡೆಯನಾದ್ದರಿಂದ, ಅವನ ಪಕ್ಷವು ಬ್ಯಾಟಿಂಗಿಗೆ ಇಳಿದಾಗ ಚಿಕ್ಕ ಬ್ಯಾಟೂ, ಬೌಲಿಂಗಿಗೆ ಇಳಿದಾಗ ದೊಡ್ಡ ಬ್ಯಾಟೂ ಅಳತೆಗೆ ಬರುವುದುಂಟು. ಒಮ್ಮೆ ಎಳೆದ ಗೀಟು ಕೂಡ ಮೂರನೆಯ ಓವರಿನ ತನಕ ಜೀವಿಸಿದರೆ ದೊಡ್ಡ ಮಾತು. ಗಾರ್ಡು ತೆಗೆದುಕೊಳ್ಳುವ ನೆಪದಲ್ಲಿ ಬ್ಯಾಟ್ಸ್‌ಮನ್ನನ ಬಲಗಾಲು ಅದನ್ನು ಸವೆಸುತ್ತ ಸವೆಸುತ್ತ, ಸ್ಟಂಪಿನ ಕಡೆಗೆ ಒಂದು ಗೇಣು ಒಳಸರಿದ ಹೊಸ ಗೀಟನ್ನು ತಾನೇ ನಿರ್ಮಿಸಿರುತ್ತದೆ.

ಇನ್ನು ಪ್ರಮಾಣವಿಚಾರ. ನೈಯಾಯಿಕರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಒಪ್ಪಿದರೆ, ಭಾಟ್ಟಮೀಮಾಂಸಕರು ಆರನ್ನು ಒಪ್ಪುತ್ತಾರೆ. ನಮ್ಮ ಅಂಪೈರನು ಉದಾರಿ. ಆರನ್ನೂ ಒಂದೇ ಓವರಿನಲ್ಲಿ ಬಳಸುತ್ತಾನೆ.

ಪ್ರತ್ಯಕ್ಷಕ್ಕೆ ಅವನಲ್ಲಿ ಸ್ಥಾನ ಕಡಮೆ. ಬಲಗೈಯಲ್ಲಿ ಬೌಲರನ ಚಪ್ಪಲಿ, ಎಡಗೈಯಲ್ಲಿ ಇನ್ನೊಬ್ಬನ ವಾಚು, ಚೆಂಡುಗಳ ಲೆಕ್ಕಕ್ಕೆಂದು ಮುಷ್ಟಿಯಲ್ಲಿ ಹಿಡಿದ ಹರಳು, ಕಣ್ಣಿನಲ್ಲಿ ರಸ್ತೆಯ ಮೇಲೆ ಗಂಟೆ ಬಾರಿಸುತ್ತ ಬರುವ ಐಸ್‌ಕ್ಯಾಂಡಿಯ ಡಬ್ಬಿ. ಇಂತಿರುವವನಿಗೆ ಚೆಂಡನ್ನೂ ನೋಡೆಂದು ವಿಧಿಸುವುದು ಕ್ರೌರ್ಯ. ಆದ್ದರಿಂದ ಅವನು ಅನುಮಾನವನ್ನು ಆಶ್ರಯಿಸುತ್ತಾನೆ: ಇದು ವೈಡ್, ಏಕೆಂದರೆ ಕೀಪರು ಜಾಲಿಗಂಟಿಯತ್ತ ಓಡಿದನು, ಎಲ್ಲಿ ಕೀಪರನ ಓಟವುಂಟೋ ಅಲ್ಲಿ ವೈಡುಂಟು, ಹಿಂದಿನ ಓವರಿನಲ್ಲಿದ್ದಂತೆ. ತರ್ಕದ ಅವಯವಗಳೆಲ್ಲ ನೆಟ್ಟಗಿವೆ, ದೋಷವಿರುವುದು ಹೇತುವಿನಲ್ಲಿ. ಈ ಕೀಪರನು ನೆಟ್ಟಗೆ ಎದೆಗೆ ಬಂದ ಚೆಂಡಿಗೂ ಹಿಂದೆ ಹಿಂದೆ ಓಡುವವನಾದ್ದರಿಂದ ಹೇತುವು ಸವ್ಯಭಿಚಾರವೆಂಬ ಆಭಾಸಕ್ಕೆ ಗುರಿಯಾಗುತ್ತದೆ. ಇದನ್ನು ಬೌಲಿಂಗ್ ಪಕ್ಷದವರು ತಮ್ಮ ಪರಿಭಾಷೆಯಲ್ಲಿ, "ಅವಂಗ ಹಿಡಿಯಾಕ ಬರಂಗಿಲ್ಲ, ಅದಕ್ಕ ವೈಡ್ ಅಂತೀಯೇನಲೇ!" ಎಂದು ನಿರೂಪಿಸುವರು. ಗಂಗೇಶೋಪಾಧ್ಯಾಯನು ಇದಕ್ಕಿಂತ ಚೊಕ್ಕವಾಗಿ ಹೇಳಿದ್ದಾನೆಂದು ನನಗೆ ತೋರುವುದಿಲ್ಲ.

ಉಪಮಾನವು ಸುಲಭ: "ನಮ್ಮವ ಒಗದಾಗ ಇಷ್ಟ ದೂರಕ್ಕ ಕೊಟ್ಟಿದ್ದಿ" ಎಂದರೆ ಮುಗಿಯಿತು. ಶಬ್ದಪ್ರಮಾಣದಲ್ಲಿ ಮಾತ್ರ ನಮ್ಮ ಪ್ರಾಂತವು ಶಾಸ್ತ್ರದಿಂದ ಕೊಂಚ ಬೇರೆಯಾಗಿದೆ. ಶಾಸ್ತ್ರವು ಆಪ್ತವಾಕ್ಯವನ್ನು ಪ್ರಮಾಣವೆಂದರೆ, ಇಲ್ಲಿ ಎತ್ತರದ ಕಂಠವೇ ಪ್ರಮಾಣ. ಅರ್ಥಾಪತ್ತಿಯ ಪ್ರಯೋಗವನ್ನು ಕೊನೆಯ ಓವರಿನಲ್ಲಿಯೇ ನೋಡಬೇಕು. ಹಗಲು ಉಣ್ಣದ ದೇವದತ್ತನು ದಪ್ಪಗಿದ್ದಾನಾದರೆ ರಾತ್ರಿ ಉಣ್ಣುತ್ತಿರಲೇಬೇಕೆಂದು ಶಾಸ್ತ್ರಕಾರರು ಕಲ್ಪಿಸಿದಂತೆ, ಗೆಲ್ಲಲು ಒಂದು ರನ್ನು ಬೇಕು, ಬ್ಯಾಟ್ಸ್‌ಮನ್ನನಿಂದ ಅದು ಆಗಲಾರದು, ಆದರೂ ತನ್ನ ಪಕ್ಷ ಗೆಲ್ಲಲೇಬೇಕು. ಆದಕಾರಣ ಈ ಚೆಂಡು ವೈಡೇ ಆಗಿರಬೇಕೆಂದು ಅಂಪೈರನು ಕಲ್ಪಿಸುತ್ತಾನೆ. ತನ್ನ ಪಕ್ಷ ಎಂದೆ. ಏಕೆಂದರೆ ಈ ಮೂರೂ ಊರುಗಳಲ್ಲಿ ಅಂಪೈರನು ಬ್ಯಾಟಿಂಗ್ ಪಕ್ಷದವನೇ. ಮೊದಲ ಚೆಂಡಿಗೆ ಔಟಾದವನು, ಇಲ್ಲವೇ ಹತ್ತನೆಯವನಾಗಿ ಬ್ಯಾಟಿಗೆ ಬರಬೇಕಾದವನು.

ಆರನೆಯದಾದ ಅನುಪಲಬ್ಧಿಯ ವಿಚಾರದಲ್ಲಿ ಎರಡು ಪಂಥಗಳ ಕಲಹವು ಇಂದಿಗೂ ಉರಿಯುತ್ತಿದೆ. ಕಾಣದಿರುವಿಕೆಯೇ ಇಲ್ಲದಿರುವಿಕೆಗೆ ಪ್ರಮಾಣವೆಂದು ಕುಮಾರಿಲಭಟ್ಟನ ಅನುಯಾಯಿಗಳು ಹೇಳಿದರೆ, ಪ್ರಭಾಕರನ ಅನುಯಾಯಿಗಳು ಅದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ. ಅಂಪೈರನು "ನಾ ನೋಡ್ಲಿಲ್ಲ" ಎಂದ ತಕ್ಷಣ ಬೌಲಿಂಗ್ ಪಕ್ಷವೆಲ್ಲ ಭಾಟ್ಟರಾಗಿ, ಕಾಣದ ವೈಡು ಇಲ್ಲದ ವೈಡು ಎಂದು ಕುಣಿಯುತ್ತದೆ; ಬ್ಯಾಟಿಂಗ್ ಪಕ್ಷವೆಲ್ಲ ಪ್ರಾಭಾಕರರಾಗಿ, ನೀನು ಕಾಣದಿದ್ದರೆ ವೈಡು ಎಲ್ಲಿಗೆ ಹೋಯಿತು ಎಂದು ಕೇಳುತ್ತದೆ. ಇನಿಂಗ್ಸು ಮುಗಿದು ಪಕ್ಷ ಬದಲಾದೊಡನೆ ಇಬ್ಬರೂ ಮತಾಂತರ ಹೊಂದುವರು. ಸಿದ್ಧಾಂತದ ಬಗೆಗೆ ಇಷ್ಟು ಹಗುರವಾದ ನಿಷ್ಠೆ ನಮ್ಮ ವಿಧಾನಸೌಧದ ಹೊರಗೆ ಬೇರೆಲ್ಲಿಯೂ ನನಗೆ ಕಂಡಿಲ್ಲ.

ಧರ್ಮಶಾಸ್ತ್ರದ ನೋಟದಿಂದ ಪರಿಶೀಲಿಸಿದರೆ ಅಂಪೈರನ ಸ್ಥಿತಿ ಇನ್ನೂ ಶೋಚನೀಯ. ಯಾಜ್ಞವಲ್ಕ್ಯಸ್ಮೃತಿಯು ಸಾಕ್ಷಿಗೆ ಅನರ್ಹರಾದವರ ದೊಡ್ಡ ಪಟ್ಟಿಯನ್ನೇ ಕೊಟ್ಟಿದೆ. ಬಾಲಕ, ಜೂಜುಗಾರ, ಆಪ್ತ, ಫಲದಲ್ಲಿ ಪಾಲುಳ್ಳವನು, ಸಹಾಯಕ, ಶತ್ರು ಎಲ್ಲರೂ ಅದರಲ್ಲಿದ್ದಾರೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ಅಂದರೆ ಈ ಸೀಮೆಗೆ ನೆರೆಯವನೇ. ನಮ್ಮ ಅಂಪೈರನೋ, ಬಾಲಕನು, ಹತ್ತು ರೂಪಾಯಿ ಪಂದ್ಯದ ಪಾಲುದಾರನು, ಬ್ಯಾಟ್ಸ್‌ಮನ್ನನ ಆಪ್ತನು, ಬೌಲರನಿಗೆ ಮೊನ್ನೆಯ ಚೆಂಡು ಕಳೆದ ಪ್ರಕರಣದಿಂದ ಶತ್ರುವು, ಪಟ್ಟಿಯ ಅರ್ಧಭಾಗವನ್ನು ಒಬ್ಬನೇ ತುಂಬುತ್ತಾನೆ. ಅವನನ್ನು ಬಿಟ್ಟು ಬೇರೊಬ್ಬನನ್ನು ನಿಲ್ಲಿಸೋಣವೆಂದರೆ ಆ ಬೇರೊಬ್ಬನೂ ಅಂತಹವನೇ.

ದೊಡ್ಡವರ ಕ್ರಿಕೆಟ್ಟು ಈ ಬಿಕ್ಕಟ್ಟನ್ನು ಮೂರನೆಯ ದೇಶದವರನ್ನು ಕರೆಸಿ ಬಿಡಿಸಿಕೊಂಡಿತು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನವೂ ವೆಸ್ಟ್ ಇಂಡೀಸೂ ಸೆಣಸಿದಾಗ ನಡುವೆ ನಿಂತವರು ಭಾರತದ ವಿ. ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಎಂಬ ಮಹನೀಯರು. ಲಿಂಗಸುಗೂರಿನ ಬಾಲಕರೂ ತಟಸ್ಥನನ್ನು ಹುಡುಕದೆ ಇಲ್ಲ. ಒಂದು ಕಾಲಕ್ಕೆ ನಿಜಾಮರ ಪಡೆಯ ದಂಡು ಬೀಡುಬಿಟ್ಟಿದ್ದ ಆ ಊರಿನಲ್ಲಿ, ಕೋರ್ಟು ಕಚೇರಿಗಳ ಗಾಳಿ ಬಾಲ್ಯದಿಂದಲೇ ಮೈಗೆ ತಾಗಿದ್ದರಿಂದಲೋ ಏನೋ, ಅಪೀಲು ಹೋಗುವ ಚಟವು ಪ್ರಬಲವಾಗಿದೆ. ಅಂತಹ ಒಂದು ಅಪೀಲನ್ನು ಕಂಡದ್ದುಂಟು. ಸಂತೆ ಮುಗಿಸಿಕೊಂಡು ಮೋಟಾರ್ ಸೈಕಲ್ಲಿನ ಹಿಂದೆ ಉಳ್ಳಾಗಡ್ಡಿಯ ಚೀಲ ಕಟ್ಟಿ ಬರುತ್ತಿದ್ದ ಹಿರಿಯರೊಬ್ಬರನ್ನು ಬಾಲಕರು ಅಡ್ಡಗಟ್ಟಿದರು.

"ಕಾಕಾ, ನೀವಾ ಹೇಳ್ರಿ. ಬಾಲ್ ಇಲ್ಲಿಂದ ಹೋತು. ವೈಡ್ ಹೌದೋ ಅಲ್ಲೋ?"

ಹಿರಿಯರು ಗಾಡಿಯನ್ನು ಬಂದ್ ಮಾಡಿ, ಕಾಲೂರಿ, ಗೀಟನ್ನೊಮ್ಮೆ ನೋಡಿ, ಬೌಲರನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ಯಾರ ಮಗಲೇ?"

ಬೌಲರು ತಂದೆಯ ಹೆಸರು ಹೇಳಿದನು.

"ನಿಮ್ಮಪ್ಪಗ ಹೇಳು, ಆ ಪಂಪ್‌ಸೆಟ್ಟಿನ ಪೈಪು ಒಯ್ದು ಆರು ತಿಂಗಳಾತು ಅಂತ." ಇಷ್ಟು ಹೇಳಿ ಗಾಡಿಯನ್ನು ಒದ್ದು ಚಾಲೂಮಾಡಿ, ಹೋಗುತ್ತ ಹೋಗುತ್ತ, "ವೈಡ್ ಐತಿ, ವೈಡ್!" ಎಂದು ತೀರ್ಪನ್ನಿತ್ತರು. ತಾಟಸ್ಥ್ಯವೆಂಬುದು ಲಾಹೋರಿನಂತಹ ದೂರದ ಊರಿನಲ್ಲಿ ಸಾಧ್ಯವಾಗಬಹುದು. ನೀರಾವರಿಯ ಸೀಮೆಯಲ್ಲಿ ಅದಕ್ಕೆ ಪೈಪು ಹಿಂದಿರುಗುವವರೆಗೆ ಕಾಯಬೇಕು.

ಇದು ನಮ್ಮ ನಾಡಿನ ಮಕ್ಕಳಿಗಷ್ಟೇ ಅಂಟಿದ ಜಾಡ್ಯವೆಂದು ಭ್ರಮಿಸಕೂಡದು. ಅಮೆರಿಕದವರು ಬೇಸ್‌ಬಾಲ್ ಎಂಬ ಆಟದಲ್ಲಿ ಸ್ಟ್ರೈಕ್ ಜೋನ್ ಎಂಬ ಕಾಣದ ಕಿಟಕಿಯೊಂದನ್ನು ಗಾಳಿಯಲ್ಲಿ ತೂಗುಹಾಕಿದ್ದಾರೆ. ಅದರ ಅಗಲ ಹೋಮ್ ಪ್ಲೇಟಿನ 17 ಅಂಗುಲ. ಎತ್ತರವೋ, ಆಡುವವನ ಮಂಡಿಯ ಕುಳಿಯಿಂದ ಭುಜಕ್ಕೂ ಸೊಂಟಕ್ಕೂ ನಟ್ಟನಡುವಿನವರೆಗೆ. ಆದ್ದರಿಂದ ಕಿಟಕಿಯು ಹುಡುಗನಿಂದ ಹುಡುಗನಿಗೆ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. 1939ರಲ್ಲಿ ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟಿನಲ್ಲಿ ಹುಟ್ಟಿದ ಲಿಟ್ಲ್ ಲೀಗ್ ಎಂಬ ಬಾಲಕರ ಕೂಟದಲ್ಲಿ ಅಂಪೈರುಗಳಾಗಿ ನಿಲ್ಲುವವರು ಬಹುಪಾಲು ಊರಿನ ಸ್ವಯಂಸೇವಕರು. ಎಂದರೆ ಅಲ್ಲಿಯೂ ಕಾಕಾಗಳೇ. ವೃತ್ತಿಪರರಾದ ಅಂಪೈರುಗಳ ತೀರ್ಪುಗಳನ್ನು ಲೆಕ್ಕಹಾಕಿ ನೋಡಿದ ಅಲ್ಲಿನ ಪಂಡಿತರು ಇನ್ನೂ ಒಂದು ಸ್ವಾರಸ್ಯವನ್ನು ಕಂಡುಕೊಂಡರು: ಎಸೆಯುವವನು ಮೂರು ಕೆಟ್ಟ ಚೆಂಡುಗಳನ್ನು ಎಸೆದು ಸಂಕಟದಲ್ಲಿದ್ದಾಗ ಕಿಟಕಿಯು ಹಿಗ್ಗುತ್ತದೆ, ಹೊಡೆಯುವವನು ಎರಡು ಸ್ಟ್ರೈಕಾಗಿ ಔಟಿನ ಅಂಚಿನಲ್ಲಿದ್ದಾಗ ಕಿಟಕಿಯು ಕುಗ್ಗುತ್ತದೆ. ಸಂಬಳ ತೆಗೆದುಕೊಳ್ಳುವ ಅಂಪೈರನೂ ನಿರ್ಣಾಯಕ ಗಳಿಗೆಯನ್ನು ತನ್ನ ಕೊರಳಿಗೆ ಕಟ್ಟಿಕೊಳ್ಳಲು ಹಿಂಜರಿಯುತ್ತಾನೆ.

ಸಿಂಧನೂರಿನ ಗದ್ದೆಯಲ್ಲಿ ಇದೇ ತತ್ತ್ವಕ್ಕೆ ಮೂರನೆಯ ವೈಡಿನ ನ್ಯಾಯವೆಂದು ಹೆಸರಿಡಬಹುದು. ತಂಡದ ಅತಿ ಚಿಕ್ಕ ಬಾಲಕನಿಗೆ, ಅವನು ಬೆಳಗಿನಿಂದ ಚೆಂಡು ಹೆಕ್ಕಿದ್ದಕ್ಕೆ ಪ್ರತಿಫಲವಾಗಿ, ಒಂದು ಓವರನ್ನು ಕೊಡುವುದು ವಾಡಿಕೆ. ಅವನ ಮೊದಲ ಚೆಂಡು ವೈಡ್. ಎರಡನೆಯದು ಇನ್ನೂ ವೈಡ್. ಮೂರನೆಯದು ಪಕ್ಕದ ಬದುವಿನ ಮೇಲೆ ಬಿದ್ದಾಗ, ಮೊದಲೆರಡಕ್ಕೂ ಎರಡು ಕೈಗಳನ್ನು ಗರುಡನಂತೆ ಚಾಚಿದ್ದ ಅಂಪೈರನು ಈಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಕಾಶವನ್ನು ವೀಕ್ಷಿಸುತ್ತಾನೆ; ವಿರೋಧಪಕ್ಷವೂ ಮೌನವಾಗಿರುತ್ತದೆ. ಕಾರಣ ದಯೆಯೋ, ಇದೇ ರೀತಿ ಎಣಿಸುತ್ತ ಹೋದರೆ ಓವರು ಮುಗಿಯುವಷ್ಟರಲ್ಲಿ ಮುಂಗಾರು ಬಂದು ಗದ್ದೆಗೆ ನೀರು ಹಾಯುವುದೆಂಬ ಭಯವೋ, ಬಗೆಹರಿಸುವುದು ಕಷ್ಟ. ಆದರೆ ಆ ಓವರಿನಲ್ಲಿ ಆ ಹುಡುಗನ ಮುಖವನ್ನು ನೋಡಿದವರಿಗೆ, ವೈಡಿನ ರೇಖೆಯು ಬದುವಿನಾಚೆ ಸರಿದದ್ದು ಅನ್ಯಾಯವೆಂದು ಅನಿಸಲಾರದು. ಸ್ಥಿರವಾದ ರೇಖೆಗಾಗಿ ಹಂಬಲಿಸುವ ಸುಧಾರಕರು ಇದನ್ನು ಮರೆಯುತ್ತಾರೆ. ರೇಖೆಯು ಸ್ಥಿರವಾದ ದಿನ ಈ ಹುಡುಗನಿಗೆ ಯಾರೂ ಓವರು ಕೊಡುವುದಿಲ್ಲ.

ವೈಡು ಯಾವಾಗಲೂ ಬೌಲರನ ವೈಫಲ್ಯವೆಂಬ ಮಾತೂ ಸಲ್ಲದು. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ಟುಗಳನ್ನು ಅನಿಲ್ ಕುಂಬ್ಳೆ ಒಬ್ಬರೇ ಪಡೆದು ನಿಂತಿದ್ದಾಗ, ಮತ್ತೊಂದು ತುದಿಯಿಂದ ಬಂದ ಜಾವಗಲ್ ಶ್ರೀನಾಥರು ಹತ್ತನೆಯದು ತಮಗೆ ದಕ್ಕದಿರಲೆಂದು ಚೆಂಡನ್ನು ಬ್ಯಾಟ್ಸ್‌ಮನ್ನನಿಂದ ದೂರ ದೂರಕ್ಕೆ ಎಸೆದರು; ವೈಡೂ ಆಯಿತು. ಕುಂಬ್ಳೆಯವರು 74 ರನ್ನುಗಳಿಗೆ ಹತ್ತನ್ನೂ ಪಡೆದರು. ಸ್ವಂತ ಫಲವನ್ನು ತ್ಯಜಿಸಿದ ಇಂತಹ ಎಸೆತವನ್ನು ನಿಷ್ಕಾಮವೈಡ್ ಎಂದು ವಿಂಗಡಿಸಬೇಕೆಂಬುದು ಪ್ರಬಂಧಕಾರನ ಅಭಿಪ್ರಾಯ. ಮಸ್ಕಿಯ ಬಾಲಬೌಲರೊಬ್ಬನು ಓವರಿಗೆ ಆರೇಳು ವೈಡು ಎಸೆದು, ನಾಯಕನು ಗದರಿಸಿದಾಗ, "ಶ್ರೀನಾಥ್ ಒಗದಾಗ ಚಪ್ಪಾಳೆ ಹೊಡದ್ರು" ಎಂದು ಪ್ರತಿಪಾದಿಸಿದನೆಂದರೆ, ಪೂರ್ವಸೂರಿಗಳ ಆಚಾರವೂ ಧರ್ಮಕ್ಕೆ ಆಧಾರವೆಂಬುದು ಅವನಿಗೆ ಗೊತ್ತಿತ್ತೆಂದೇ ಹೇಳಬೇಕು.

ಮಸ್ಕಿಯ ಹೆಸರು ಬಂದುದರಿಂದ ಶಾಸನಸಾಕ್ಷ್ಯವನ್ನು ಬಿಡುವಂತಿಲ್ಲ. 1915ರಲ್ಲಿ, ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರರ ಕಣ್ಣಿಗೆ ಇಲ್ಲಿಯ ಬೆಟ್ಟದ ಬಂಡೆಯ ಮೇಲಿನ ಬ್ರಾಹ್ಮೀ ಲಿಪಿ ಬಿದ್ದಿತು. ದೇವಾನಾಂಪ್ರಿಯನೆಂಬ ಅರಸು ಅಶೋಕನೇ ಎಂಬುದು ಈ ಬಂಡೆಯಲ್ಲಿ ಹೆಸರು ಸಿಕ್ಕಿದ್ದರಿಂದ ಲೋಕಕ್ಕೆ ನಿಶ್ಚಯವಾಯಿತು. ಶಾಸನದಲ್ಲಿ ವೈಡಿನ ಪ್ರಸ್ತಾಪವಿಲ್ಲ. ಆದರೆ ಧರ್ಮದಲ್ಲಿ ತೊಡಗಿದವನು ಚಿಕ್ಕವನಾದರೂ ಉನ್ನತಿಯನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ ಎಂಬ ಅಭಿಪ್ರಾಯ ಅದರಲ್ಲಿದೆ. ಹತ್ತನೆಯ ಕ್ರಮಾಂಕದ ಹುಡುಗನನ್ನು ಅಂಪೈರನನ್ನಾಗಿ ನಿಲ್ಲಿಸುವ ಸ್ಥಳೀಯ ಸಂಪ್ರದಾಯಕ್ಕೆ ಇದಕ್ಕಿಂತ ಪ್ರಾಚೀನವಾದ ರಾಜಮುದ್ರೆ ಬೇಕಿಲ್ಲ. ಚೋಳ ರಾಜೇಂದ್ರನೂ ಚಾಳುಕ್ಯ ಜಯಸಿಂಹನೂ ಕಾದಿದ ಮುಸಂಗಿಯೆಂಬ ಸ್ಥಳವು ಈ ಮಸ್ಕಿಯೇ ಎಂದು ಕೆಲವು ವಿದ್ವಾಂಸರ ಮತ. ಚೋಳರ ಶಾಸನಗಳು ಜಯಸಿಂಹನು ಬೆನ್ನು ತೋರಿದನೆನ್ನುತ್ತವೆ. ಚಾಳುಕ್ಯರ ಶಾಸನಗಳು ಜಯಸಿಂಹನನ್ನು ಚೋಳನೆಂಬ ಆನೆಗೆ ಸಿಂಹವೆಂದು ಹೊಗಳುತ್ತವೆ. ಇತಿಹಾಸಕಾರರು ಈ ವೈರುಧ್ಯಕ್ಕೆ ಕಂಗೆಟ್ಟಿರುವುದುಂಟು. ಎರಡೂ ಕಡೆ ಬ್ಯಾಟಿಂಗ್ ಪಕ್ಷದವನೇ ಅಂಪೈರನಾಗಿದ್ದನೆಂದು ತಿಳಿದರೆ ಕಂಗೆಡುವ ಕಾರಣವಿಲ್ಲ.

ಸುಧಾರಣೆಯ ಪ್ರಯತ್ನವೇ ನಡೆದಿಲ್ಲವೆಂದು ವಾಚಕ ಮಹಾಶಯರು ತಿಳಿಯಬಾರದು. ಗೀಟು ಅಳಿಯುವುದೆಂಬ ದೂರಿಗೆ ಬೇಸತ್ತು, ಅಕ್ಷರ ಉಳಿಯಬೇಕಾದರೆ ಕಲ್ಲೇ ಗತಿಯೆಂಬ ವಿವೇಕವು ಊರಿನ ಗಾಳಿಯಲ್ಲಿಯೇ ಇರುವುದರಿಂದ, ಮಸ್ಕಿಯ ಬಾಲಕರು ಒಮ್ಮೆ ಗೀಟಿನ ಸ್ಥಾನದಲ್ಲಿ ಎರಡು ಮುಷ್ಟಿಯಷ್ಟು ದಪ್ಪದ ಬೆಣಚುಕಲ್ಲನ್ನು ನೆಟ್ಟರು. ಕಲ್ಲಿನಾಚೆ ಹೋದದ್ದು ವೈಡ್, ಈಚೆ ಬಂದದ್ದು ಅಲ್ಲ. ಇದರ ಮೇಲೆ ಯಾರೂ ಚಕಾರವೆತ್ತತಕ್ಕದ್ದಲ್ಲವೆಂದು ಎರಡೂ ಪಕ್ಷದವರು ದುರಗಮ್ಮನ ಮೇಲೆ ಆಣೆಯಿಟ್ಟರು. ಎರಡನೆಯ ಓವರಿನ ನಾಲ್ಕನೆಯ ಚೆಂಡು ನೆಟ್ಟಗೆ ಬಂದು ಕಲ್ಲಿನ ನೆತ್ತಿಗೆ ಬಡಿದು, ಅಲ್ಲಿಂದ ಒಳಕ್ಕೆ ತಿರುಗಿ, ಸ್ಟಂಪೆಂದು ಜೋಡಿಸಿದ್ದ ಮೂರು ಇಟ್ಟಿಗೆಗಳಲ್ಲಿ ಮೇಲಿನದನ್ನು ಕೆಡವಿತು. ವೈಡಿನ ಕಲ್ಲಿಗೆ ತಗುಲಿದ್ದರಿಂದ ವೈಡೆಂದು ಬ್ಯಾಟ್ಸ್‌ಮನ್ನನು; ಇಟ್ಟಿಗೆ ಬಿದ್ದದ್ದರಿಂದ ಬೋಲ್ಡೆಂದು ಬೌಲರನು; ಕಲ್ಲು ನೆಟ್ಟವನು ತಾನಲ್ಲವೆಂದು ಕೀಪರನು. ಚಪ್ಪಲಿ, ವಾಚು, ಹರಳುಗಳನ್ನೆಲ್ಲ ನೆಲಕ್ಕಿಳಿಸಿ, ಕೈಗಳನ್ನು ಚಡ್ಡಿಗೆ ಒರೆಸಿಕೊಂಡು, ಅಂಪೈರನು ತೀರ್ಪಿತ್ತನು:

"ಟ್ರಯಲ್ ಬಾಲ್."